ಡಿಯಾನಾ ಡರ್ಬಿನ್ ಸಿನಿಮಾಗಳು: ಎಲ್ಲಿಂದ ಶುರು ಮಾಡೋದು, ಏನನ್ನು ಗಮನಿಸೋದು?

ಮಲ್ಲಿಗೆಹಂಬು:
ಹಾಲಿವುಡ್‌ನ ಹಳೇ ಗಾಯಕಿ-ನಟಿ ಡಿಯಾನಾ ಡರ್ಬಿನ್ ಅವರ ಚಿತ್ರಗಳನ್ನು ವರ್ಷದ ಕ್ರಮದಲ್ಲೇ ನೋಡುತ್ತಾ ಬಂದಿದ್ದೇನೆ. 1936ರಿಂದ 1948ರವರೆಗೆ ಒಟ್ಟು 21 ದೊಡ್ಡ ಚಿತ್ರಗಳು. ಅದಕ್ಕೂ ಮೊದಲು ಎಂಜಿಎಂ ಸ್ಟುಡಿಯೋದವರು ತೆಗೆದ ಒಂದು ಕಿರುಚಿತ್ರ. ನಮ್ಮಲ್ಲಿ ಅದೇ ಕಾಲದ ಇನ್ನೊಬ್ಬ ಗಾಯಕಿ-ನಟಿ ಜೂಡಿ ಗಾರ್ಲೆಂಡ್ ಹೆಸರು ಗೊತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಡರ್ಬಿನ್ ಹೆಸರು ಹೇಳಿದರೆ ಮಾತ್ರ ‘ಯಾರು?’ ಅಂತ ಕೇಳುತ್ತಾರೆ. 1930ರ ದಶಕದ ಕೊನೆಯಲ್ಲಿ ಈ ಇಬ್ಬರಲ್ಲಿ ಜಾಸ್ತಿ ಹೆಸರು ಮಾಡಿದ್ದು ಡರ್ಬಿನ್. ಅದಕ್ಕೇ ಈ ಚರ್ಚೆ ಶುರು ಮಾಡಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಪರಿಚಯ. ಹುಟ್ಟಿದ್ದು 1921ರ ಡಿಸೆಂಬರ್ 4ರಂದು, ಕೆನಡಾದ ವಿನಿಪೆಗ್‌ನಲ್ಲಿ. ಬೆಳೆದದ್ದು ಲಾಸ್ ಏಂಜಲೀಸ್‌ನಲ್ಲಿ. ನಿಜವಾದ ಹೆಸರು ಎಡ್ನಾ ಮೇ. ಯೂನಿವರ್ಸಲ್ ಕಂಪನಿಯ ‘ತ್ರೀ ಸ್ಮಾರ್ಟ್ ಗರ್ಲ್ಸ್’ ಚಿತ್ರೀಕರಣ ಶುರುವಾದಾಗ ಆಕೆಗೆ ಇನ್ನೂ 14. ನಿರ್ಮಾಪಕ ಜೋ ಪಾಸ್ಟರ್ನಾಕ್, ನಿರ್ದೇಶಕ ಹೆನ್ರಿ ಕೋಸ್ಟರ್. ಮುಂದೆ ಡರ್ಬಿನ್ ಚಿತ್ರ ಅಂದರೆ ಹೀಗಿರಬೇಕು ಅಂತ ಒಂದು ಅಚ್ಚು ಹಾಕಿಕೊಟ್ಟವರು ಇವರಿಬ್ಬರೇ.

ನೋಡುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಆಕೆಯ ಒಳ್ಳೆಯ ಚಿತ್ರಗಳಲ್ಲಿ ಹಾಡಿಗೆ ಒಂದು ಕೆಲಸ ಇರುತ್ತದೆ. ಹಾಡು ಬಂತು ಅಂತ ಕಥೆ ನಿಂತು ಕಾಯುವುದಿಲ್ಲ, ಹಾಡಿನಿಂದಲೇ ಮುಂದಕ್ಕೆ ಹೋಗುತ್ತದೆ. ಮೊದಲ ಚಿತ್ರವನ್ನೇ ನೋಡಿ. ಮನೆ ಬಿಟ್ಟು ಹೋದ ಹುಡುಗಿ ಪೊಲೀಸ್ ಠಾಣೆಗೆ ಬಂದು ಬೀಳುತ್ತಾಳೆ. ‘ನಾನು ಒಪೆರಾ ಗಾಯಕಿ’ ಅಂತ ಬುರುಡೆ ಬಿಡುತ್ತಾಳೆ. ಪೊಲೀಸರು ನಂಬುವುದಿಲ್ಲ. ಆಗ ಅಲ್ಲೇ ನಿಂತು ‘ಇಲ್ ಬಾಚೋ’ ಹಾಡುತ್ತಾಳೆ. ಅಷ್ಟು ಹೊತ್ತು ನಾವೂ ಆ ಪೊಲೀಸರ ಹಾಗೆ ‘ಮಗು ಸುಮ್ನೆ ಹೇಳುತ್ತಿದೆ’ ಅಂದುಕೊಂಡಿರುತ್ತೇವೆ. ಹಾಡು ಶುರುವಾದ ಮೇಲೆ ಠಾಣೆಯ ಎಲ್ಲರ ಮುಖ ಬದಲಾಗುತ್ತದೆ, ನಮ್ಮದೂ ಕೂಡ.

ನೀವು ನೋಡಿರುವ ಚಿತ್ರಗಳ ಬಗ್ಗೆ ಬರೆಯಿರಿ. ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ, ಎರಡೂ ಬರಲಿ.

ಹಳೇಗ್ರಾಮಫೋನ್:
ಈ ವಿಷಯ ಎತ್ತಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ಶುರು ಮಾಡುವವರಿಗೆ ನನ್ನ ಸಲಹೆ ಒಂದೇ: 1937ರ ‘ಒನ್ ಹಂಡ್ರೆಡ್ ಮೆನ್ ಅಂಡ್ ಎ ಗರ್ಲ್’. ಬೇರೆ ಯಾವುದನ್ನೂ ನೋಡದಿದ್ದರೂ ಇದನ್ನು ಮಾತ್ರ ಬಿಡಬೇಡಿ.

ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಅಪ್ಪ ಟ್ರೊಂಬೋನ್ ನುಡಿಸುವವನು, ಕೆಲಸ ಇಲ್ಲ. ಅವನಂಥವರೇ ನೂರು ಜನ ವಾದ್ಯಗಾರರು ಮನೆಯಲ್ಲಿ ಕೂತಿದ್ದಾರೆ. ಮಗಳು ಪ್ಯಾಟ್ಸಿ ಅವರನ್ನೆಲ್ಲ ಸೇರಿಸಿ ಆರ್ಕೆಸ್ಟ್ರಾ ಕಟ್ಟಿಸುತ್ತಾಳೆ. ನಡೆಸಿಕೊಡೋದಕ್ಕೆ ದೊಡ್ಡ ಹೆಸರಿನ ಒಬ್ಬರು ಬೇಕು. ಆಕೆ ಹಿಡಿಯಲು ಹೊರಡುವುದು ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ಅವರನ್ನು. ಆ ಪಾತ್ರ ಮಾಡಿದವರೂ ಸ್ವತಃ ಸ್ಟೊಕೊವ್‌ಸ್ಕಿಯೇ. ಫಿಲಡೆಲ್ಫಿಯಾ ಆರ್ಕೆಸ್ಟ್ರಾವನ್ನು ಜಗತ್ತಿಗೆ ಪರಿಚಯ ಮಾಡಿಸಿದ ಮನುಷ್ಯ. ಕೋಲು ಹಿಡಿಯದೆ ಬರೀ ಕೈಯಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದರು.

ಒಂದು ದೃಶ್ಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಟೊಕೊವ್‌ಸ್ಕಿ ಅವರ ದೊಡ್ಡ ಮನೆ. ಪ್ಯಾಟ್ಸಿ ಆ ನೂರು ಜನರನ್ನೂ ಹೇಗೋ ಒಳಗೆ ನುಗ್ಗಿಸಿಬಿಟ್ಟಿದ್ದಾಳೆ. ಹಜಾರದಲ್ಲಿ, ಮೆಟ್ಟಿಲ ಮೇಲೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ ವಾದ್ಯ ಹಿಡಿದು ನಿಂತಿದ್ದಾರೆ. ಸಂಗೀತಕಾರ ಫ್ರಾಂಜ್ ಲಿಸ್ಟ್ ಅವರ ಎರಡನೇ ಹಂಗೇರಿಯನ್ ರ್‍ಯಾಪ್ಸೊಡಿ ಶುರುವಾಗುತ್ತದೆ. ಸ್ಟೊಕೊವ್‌ಸ್ಕಿ ಮೇಲೆ ನಿಂತು ನೋಡುತ್ತಾರೆ. ಮೊದಲು ಮುಖದಲ್ಲಿ ಸಿಟ್ಟು. ಆಮೇಲೆ ಸಿಟ್ಟು ಹೋಗಿ ಕಿವಿ ಕೊಡುತ್ತಾರೆ. ಆಮೇಲೆ ಅವರಿಗೇ ಗೊತ್ತಿಲ್ಲದ ಹಾಗೆ ಬೆರಳುಗಳು ಅಲುಗುತ್ತವೆ. ನೋಡನೋಡುತ್ತಿದ್ದಂತೆ ಎರಡೂ ಕೈ ಮೇಲೆದ್ದು ಆರ್ಕೆಸ್ಟ್ರಾ ಅವರ ಹಿಡಿತಕ್ಕೆ ಬಂದಿರುತ್ತದೆ. ‘ಒಪ್ಪಿದೆ’ ಅನ್ನುವ ಮಾತು ಅಲ್ಲಿ ಬೇಕಾಗುವುದೇ ಇಲ್ಲ. ಕೈ ಒಪ್ಪಿದ ಮೇಲೆ ಬಾಯಿ ಯಾಕೆ?

ಈ ದೃಶ್ಯದಲ್ಲಿ ಡರ್ಬಿನ್ ಒಂದು ಸ್ವರ ಕೂಡ ಹಾಡುವುದಿಲ್ಲ. ಆದರೂ ದೃಶ್ಯ ಆಕೆಯದೇ. ಆಗಾಗ ಆಕೆಯ ಮುಖ ತೋರಿಸುತ್ತಾರೆ. ಆ ಕಣ್ಣುಗಳನ್ನೇ ನೋಡಿ.

ಅತ್ಯುತ್ತಮ ಸಂಗೀತಕ್ಕೆ ಆಸ್ಕರ್ ಬಂದದ್ದು ಈ ಚಿತ್ರಕ್ಕೇ. ಅತ್ಯುತ್ತಮ ಚಿತ್ರದ ಪಟ್ಟಿಯಲ್ಲೂ ಹೆಸರಿತ್ತು.

ಶ್ರುತಿಪೆಟ್ಟಿಗೆ:
ನಾನು ಸಂಗೀತ ಕಲಿಯುವವಳು, ಕಲಿಯುತ್ತಿರುವುದು ನಮ್ಮ ಪದ್ಧತಿ. ಹಾಗಾಗಿ ನನ್ನ ಗಮನ ಹೋಗುವುದೆಲ್ಲ ಉಸಿರಿನ ಕಡೆಗೆ. ಹಳೇಗ್ರಾಮಫೋನ್ ಸರ್ ಹೇಳಿದ ಅದೇ ಚಿತ್ರದಲ್ಲಿ ಆಕೆ ಮೊಜಾರ್ಟ್‌ನ ‘ಅಲೆಲೂಯಾ’ ಹಾಡುತ್ತಾರೆ. ಇಡೀ ಹಾಡಿಗೆ ಇರುವುದು ಆ ಒಂದೇ ಪದ. ಹಿಡಿದುಕೊಳ್ಳೋದಕ್ಕೆ ಸಾಹಿತ್ಯದ ಆಸರೆ ಇಲ್ಲ. ಉದ್ದುದ್ದ ಸ್ವರಗುಚ್ಛಗಳು ಒಂದರ ಹಿಂದೆ ಒಂದು ಓಡಿ ಬರುತ್ತವೆ. ಆಗ ಆಕೆಗೆ 15 ವರ್ಷ. ಆ ವಯಸ್ಸಿಗೆ ಗಂಟಲು ಬಿಗಿ ಮಾಡದೆ, ಪ್ರತಿ ಸ್ವರವನ್ನೂ ಬಿಡಿಬಿಡಿಯಾಗಿ ಕೇಳಿಸುವ ಹಾಗೆ ಹಾಡುವುದು ಸುಲಭದ ಮಾತಲ್ಲ.

ಇನ್ನೊಂದು ವಿಷಯ. ಆಗಿನ ಹಾಲಿವುಡ್‌ನಲ್ಲಿ ಹಾಡನ್ನು ಸಾಮಾನ್ಯವಾಗಿ ಮೊದಲೇ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುತ್ತಿದ್ದರು. ಆಮೇಲೆ ಸೆಟ್‌ನಲ್ಲಿ ಅದನ್ನು ಹಾಕಿ ತುಟಿ ಕೂಡಿಸುತ್ತಿದ್ದರು. ನಮ್ಮಲ್ಲಿ ಹಿನ್ನೆಲೆ ಗಾಯಕರ ಹಾಡಿಗೆ ನಟರು ತುಟಿ ಆಡಿಸುತ್ತಾರಲ್ವಾ, ಕೆಲಸ ಅದೇ. ಇಲ್ಲಿ ಧ್ವನಿಯೂ ತುಟಿಯೂ ಒಬ್ಬರವೇ, ಅಷ್ಟೇ ವ್ಯತ್ಯಾಸ. ಡರ್ಬಿನ್ ಇದರಲ್ಲಿ ಬಹಳ ಪಕ್ಕಾ. ಎತ್ತರದ ಸ್ವರಕ್ಕೆ ಹೋಗುವ ಮುಂಚೆ ಉಸಿರು ತೆಗೆದುಕೊಳ್ಳುವುದು, ಪಕ್ಕೆಲುಬು ಅಗಲವಾಗುವುದು, ಎಲ್ಲಾ ಕಾಣಿಸುತ್ತದೆ. ಕ್ಯಾಮೆರಾ ಹತ್ತಿರ ಬಂದಾಗ ಕುತ್ತಿಗೆಯನ್ನು ಗಮನಿಸಿ. ಸೆಟ್‌ನಲ್ಲೂ ಆಕೆ ನಿಜವಾಗಿ ಉಸಿರು ಹಿಡಿದೇ ನಿಂತಿರುತ್ತಾರೆ.

ಎಂಜಿಎಂನ ಕಿರುಚಿತ್ರದ ಮಾತು ಬಂತಲ್ಲ. ಅದು 1936ರ ‘ಎವ್ರಿ ಸಂಡೇ’. ಜೂಡಿ ಗಾರ್ಲೆಂಡ್ ಮತ್ತು ಡರ್ಬಿನ್ ಇಬ್ಬರೂ ಇದ್ದಾರೆ. ಉದ್ಯಾನದಲ್ಲಿ ನಡೆಯುವ ಭಾನುವಾರದ ಕಛೇರಿಗೆ ಜನ ಬರುತ್ತಿಲ್ಲ, ನಿಲ್ಲಿಸಿಬಿಡುತ್ತಾರೆ ಅಂತ ಗೊತ್ತಾಗಿ ಇಬ್ಬರು ಹುಡುಗಿಯರು ಜನರನ್ನು ಸೇರಿಸುತ್ತಾರೆ. ಡರ್ಬಿನ್ ಅಲ್ಲೂ ‘ಇಲ್ ಬಾಚೋ’ ಹಾಡುತ್ತಾರೆ. ಮಲ್ಲಿಗೆಹಂಬು ಹೇಳಿದ ಠಾಣೆಯ ಹಾಡು ಇದೇ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಕಿರುಚಿತ್ರದಲ್ಲಿ ಚೆನ್ನಾಗಿ ಹಾಡುವ ಒಬ್ಬ ಹುಡುಗಿ ಇದ್ದಾಳೆ. ಠಾಣೆಯಲ್ಲಿ ಅದೇ ಹಾಡನ್ನು ಒಂದು ಪಾತ್ರ ಹಾಡುತ್ತಿದೆ.

ಕೃಷ್ಣಾತೀರ:
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಮೂರ್ನಾಲ್ಕು ಚಿತ್ರ ನೋಡಿದ ಮೇಲೆ ಎಲ್ಲಾ ಒಂದೇ ಥರ ಅನ್ನಿಸಿತು. ದೊಡ್ಡವರ ಜೀವನದಲ್ಲಿ ಏನೋ ಗೋಜಲು. ಈ ಹುಡುಗಿ ನಡುವೆ ತಲೆ ಹಾಕುತ್ತಾಳೆ. ಓಡಾಡುತ್ತಾಳೆ, ಪಟಪಟ ಮಾತಾಡುತ್ತಾಳೆ, ಎಲ್ಲವನ್ನೂ ಸರಿ ಮಾಡುತ್ತಾಳೆ, ಹಾಡಿ ಮುಗಿಸುತ್ತಾಳೆ. ಒಪೆರಾ ಧ್ವನಿ ನನ್ನ ಕಿವಿಗೆ ಕೀರಲಾಗಿ ಕೇಳುತ್ತದೆ. ಮನೆಯಲ್ಲಿ ಹಾಕಿದರೆ ಎಲ್ಲರೂ ಎದ್ದು ಹೋಗುತ್ತಾರೆ. ಆ ಕಾಲದ ಜನಕ್ಕೆ ಇದು ಯಾಕೆ ಅಷ್ಟು ಇಷ್ಟವಾಯಿತು ಅಂತ ನಿಜವಾಗಿ ತಿಳಿದುಕೊಳ್ಳಬೇಕಿದೆ.

ಮಲ್ಲಿಗೆಹಂಬು:
@ಕೃಷ್ಣಾತೀರ, ನೀವು ಹೇಳಿದ ಅಚ್ಚು ನಿಜವಾಗಿ ಇದೆ. ಪಾಸ್ಟರ್ನಾಕ್ ಅದನ್ನು ಬೇಕೆಂದೇ ಕಟ್ಟಿದ್ದು. ಆದರೆ ಒಂದು ವಿಷಯ ನೋಡಿ. ಆಗಿನ ಚಿತ್ರಗಳಲ್ಲಿ ಹದಿನೈದು ವರ್ಷದ ಹುಡುಗಿ ಅಂದರೆ ಯಾರದೋ ಮಗಳಾಗಿ, ತಂಗಿಯಾಗಿ ಬಂದು ಹೋಗುವವಳು. ಇಲ್ಲಿ ಕಥೆಯನ್ನು ತಳ್ಳಿಕೊಂಡು ಹೋಗುವವಳೇ ಅವಳು. ದೊಡ್ಡವರು ಕೈಚೆಲ್ಲಿ ಕೂತಾಗ ‘ಏನಾದರೂ ಮಾಡೋಣ’ ಅನ್ನುವವಳು. ಕೆಲಸ ಕಳೆದುಕೊಂಡ ಲಕ್ಷಾಂತರ ಅಪ್ಪಂದಿರು ಚಿತ್ರಮಂದಿರದಲ್ಲಿ ಕೂತು ಇಂಥ ಒಬ್ಬ ಮಗಳನ್ನು ನೋಡಿದರು. ಇಷ್ಟವಾಗದೆ ಇರುತ್ತದಾ?

1938ರ ‘ಮ್ಯಾಡ್ ಅಬೌಟ್ ಮ್ಯೂಸಿಕ್’ ನೋಡಿದ್ದೀರಾ? ಅಮ್ಮ ಹಾಲಿವುಡ್ ತಾರೆ. ಇಷ್ಟು ದೊಡ್ಡ ಮಗಳಿದ್ದಾಳೆ ಅಂತ ಗೊತ್ತಾದರೆ ಬೇಡಿಕೆ ಕಡಿಮೆಯಾಗುತ್ತದೆ ಅಂತ ಮಗಳನ್ನು ಸ್ವಿಟ್ಜರ್‌ಲೆಂಡಿನ ಶಾಲೆಯಲ್ಲಿ ಬಿಟ್ಟಿದ್ದಾರೆ. ಅಪ್ಪ ಇಲ್ಲ. ಗೆಳತಿಯರ ಮುಂದೆ ಹೇಳಿಕೊಳ್ಳೋದಕ್ಕೆ ಆಕೆ ಒಬ್ಬ ಅಪ್ಪನನ್ನೇ ಸೃಷ್ಟಿ ಮಾಡಿಕೊಳ್ಳುತ್ತಾಳೆ, ದೇಶ ದೇಶ ತಿರುಗುವ ಸಾಹಸಿ ಅಪ್ಪ. ಆತ ಬರೆದ ಹಾಗೆ ತಾನೇ ಪತ್ರ ಬರೆದುಕೊಳ್ಳುತ್ತಾಳೆ. ಮೇಲೆ ತಮಾಷೆ, ಒಳಗೆ ಆ ಮಗುವಿನ ಒಂಟಿತನ. ಇದನ್ನು ನೋಡಿದ ಮೇಲೂ ಎಲ್ಲಾ ಒಂದೇ ಥರ ಅನ್ನಿಸುತ್ತದಾ, ಹೇಳಿ.

ಶ್ರುತಿಪೆಟ್ಟಿಗೆ:
@ಕೃಷ್ಣಾತೀರ ಸರ್, ಧ್ವನಿಯ ವಿಷಯದಲ್ಲಿ ನಿಮ್ಮ ಕಷ್ಟ ಅರ್ಥವಾಗುತ್ತದೆ. ನಮ್ಮ ಕಿವಿ ಬೇರೆ ಥರ ಪಳಗಿದೆ. ಅದರ ಮೇಲೆ ಆ ಕಾಲದ ಧ್ವನಿಮುದ್ರಣ, ಎತ್ತರದ ಸ್ವರಗಳು ಇನ್ನಷ್ಟು ಚೂಪಾಗಿ ಕೇಳುತ್ತವೆ. ಒಪೆರಾ ತುಣುಕುಗಳಿಂದ ಶುರು ಮಾಡಬೇಡಿ. 1944ರ ‘ಕ್ರಿಸ್‌ಮಸ್ ಹಾಲಿಡೇ’ ಚಿತ್ರದ ಎರಡು ಹಾಡು ಮೊದಲು ಕೇಳಿ. ಒಂದು ಫ್ರಾಂಕ್ ಲೆಸರ್ ಬರೆದ ‘ಸ್ಪ್ರಿಂಗ್ ವಿಲ್ ಬಿ ಎ ಲಿಟಲ್ ಲೇಟ್ ದಿಸ್ ಇಯರ್’. ಇನ್ನೊಂದು ಅರ್ವಿಂಗ್ ಬರ್ಲಿನ್ ಅವರ ‘ಆಲ್ವೇಸ್’. ಎರಡನ್ನೂ ಕೆಳಗಿನ ಧ್ವನಿಯಲ್ಲಿ, ಮೆಲ್ಲಗೆ, ಕಿವಿಯ ಹತ್ತಿರ ಬಂದು ಹೇಳಿದ ಹಾಗೆ ಹಾಡಿದ್ದಾರೆ. ಅಲ್ಲಿಂದ ಹಿಂದಕ್ಕೆ ಬಂದರೆ ಮೊಜಾರ್ಟ್ ಕೂಡ ಬೇರೆ ಥರ ಕೇಳುತ್ತದೆ.

ಕಪ್ಪುಬಿಳುಪು:
‘ಕ್ರಿಸ್‌ಮಸ್ ಹಾಲಿಡೇ’ ಮಾತು ಬಂತು, ಇನ್ನು ನಾನು ಸುಮ್ಮನಿರಲಾರೆ.

ಹೆಸರು ನೋಡಿ ಹಬ್ಬದ ಚಿತ್ರ ಅಂದುಕೊಂಡು ಹೋದವರು ಬೆಚ್ಚಿಬಿದ್ದಿರಬೇಕು. ನಿರ್ದೇಶಕ ರಾಬರ್ಟ್ ಸಿಯೋಡ್‌ಮ್ಯಾಕ್, ನೆರಳು ಬೆಳಕಿನ ಅಪರಾಧ ಕಥೆಗಳಿಗೆ ಹೆಸರಾದವರು. ಮೂಲ ಸಾಮರ್‌ಸೆಟ್ ಮಾಮ್ ಅವರ ಕಾದಂಬರಿ. ಚಿತ್ರಕಥೆ ಹರ್ಮನ್ ಮ್ಯಾಂಕವಿಚ್, ‘ಸಿಟಿಜನ್ ಕೇನ್’ ಬರೆದವರಲ್ಲಿ ಒಬ್ಬರು. ಡರ್ಬಿನ್ ಗಂಡನ ಪಾತ್ರದಲ್ಲಿ ನೃತ್ಯಕ್ಕೆ ಹೆಸರಾದ ಜೀನ್ ಕೆಲ್ಲಿ. ಇಲ್ಲಿ ಅವರು ಒಂದು ಹೆಜ್ಜೆಯೂ ಕುಣಿಯುವುದಿಲ್ಲ. ನಗುನಗುತ್ತಾ ಮಾತಾಡುವ, ಒಳಗೆ ಕೊಳೆತ ಮನುಷ್ಯ. ಡರ್ಬಿನ್ ನ್ಯೂ ಆರ್ಲಿಯನ್ಸ್‌ನ ಒಂದು ಕ್ಲಬ್ಬಿನಲ್ಲಿ ಹಾಡುವವಳು. ಅಲ್ಲಿ ಹಾಡುಗಾರ್ತಿಯ ಕೆಲಸ ಬರೀ ಹಾಡುವುದಲ್ಲ. ಆಗಿನ ಸೆನ್ಸಾರ್ ಕಾರಣ ಬಿಡಿಸಿ ಹೇಳಿಲ್ಲ, ನೋಡುವವರಿಗೆ ಅರ್ಥವಾಗುತ್ತದೆ.

ಹಾಡಿಗೆ ಕೆಲಸ ಇರಬೇಕು ಅಂತ ಮಲ್ಲಿಗೆಹಂಬು ಹೇಳಿದರಲ್ಲ, ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ‘ಆಲ್ವೇಸ್’ ಹಾಡು ಎರಡು ಸಲ ಬರುತ್ತದೆ. ಮನೆಯಲ್ಲಿ ಪಿಯಾನೊ ಹತ್ತಿರ ಒಂದು ಸಲ, ಹೊಸ ಮದುವೆ, ಎಲ್ಲವೂ ಚೆನ್ನಾಗಿರುವ ಹೊತ್ತು. ಕ್ಲಬ್ಬಿನಲ್ಲಿ ಇನ್ನೊಂದು ಸಲ, ಗಿರಾಕಿಗಳ ಮುಂದೆ. ಸಾಹಿತ್ಯ ಅದೇ, ರಾಗವೂ ಅದೇ. ಕ್ಲಬ್ಬಿನಲ್ಲಿ ಆಕೆಯ ಕೈ ಅಲುಗುವುದಿಲ್ಲ, ಮುಖ ಅಲುಗುವುದಿಲ್ಲ. ಯಾವತ್ತೂ ನಿನ್ನನ್ನೇ ಪ್ರೀತಿಸುತ್ತೇನೆ ಅನ್ನುವ ಹಾಡು ಅಲ್ಲಿ ಒಂದು ಶಿಕ್ಷೆಯ ಹಾಗೆ ಕೇಳುತ್ತದೆ. ಈ ಹೆಂಗಸಿನ ಕಥೆ ಪೂರ್ತಿ ಆ ಎರಡು ಸಲದ ನಡುವೆ ಇದೆ.

ಮಧ್ಯರಾತ್ರಿಯ ಪ್ರಾರ್ಥನೆಯ ದೃಶ್ಯವೂ ಹಾಗೇ. ಚರ್ಚಿನಲ್ಲಿ ಸಾವಿರ ಜನ, ಲ್ಯಾಟಿನ್ ಮಂತ್ರ, ನಡುವೆ ಆಕೆ ಕುಸಿದು ಅಳುತ್ತಾಳೆ. ಬೇರೆ ಯಾವ ಚಿತ್ರವಾಗಿದ್ದರೂ ಅಲ್ಲಿ ಡರ್ಬಿನ್‌ಗೆ ಒಂದು ಹಾಡು ಕೊಟ್ಟಿರುತ್ತಿದ್ದರು. ಇಲ್ಲಿ ಕೊಟ್ಟಿಲ್ಲ. ಸಿಯೋಡ್‌ಮ್ಯಾಕ್‌ಗೆ ನನ್ನ ಕೃತಜ್ಞತೆ ಅದಕ್ಕೇ.

ತುಂಗಾಮಡಿಲು:
ನನಗೆ ‘ಕ್ರಿಸ್‌ಮಸ್ ಹಾಲಿಡೇ’ ಒಗ್ಗಲಿಲ್ಲ. ಡರ್ಬಿನ್ ತನ್ನ ಕಥೆಯನ್ನು ಒಬ್ಬ ಸೈನಿಕನಿಗೆ ಹೇಳುವ ಹಾಗೆ, ಹಿಂದೆ ಮುಂದೆ ಮಾಡಿ ಕಟ್ಟಿದ್ದಾರೆ. ಮೊದಲ ಇಪ್ಪತ್ತು ನಿಮಿಷ ಡರ್ಬಿನ್ ಕಥೆಯೇ ಶುರುವಾಗುವುದಿಲ್ಲ. ಕೆಲ್ಲಿ ಪಾತ್ರದ ತಾಯಿ ಎಷ್ಟು ಮಾತಾಡುತ್ತಾಳೋ ಅದಕ್ಕಿಂತ ಜಾಸ್ತಿ ಮುಚ್ಚಿಡುತ್ತಾಳೆ. ಅದೇನೆಂದು ಚಿತ್ರ ಬಿಡಿಸಿ ಹೇಳುವುದೇ ಇಲ್ಲ. ಡರ್ಬಿನ್ ನಗುವನ್ನು ಕಿತ್ತುಕೊಂಡ ಮೇಲೆ ಉಳಿದದ್ದು ಒಳ್ಳೆಯ ನಟನೆಯಾ, ಬರೀ ಗಂಭೀರ ಮುಖವಾ ಅನ್ನುವ ಅನುಮಾನ ನನಗೆ ಇನ್ನೂ ಇದೆ.

ನನ್ನ ಆಯ್ಕೆ 1941ರ ‘ಇಟ್ ಸ್ಟಾರ್ಟೆಡ್ ವಿತ್ ಈವ್’. ಸಾಯಲು ಮಲಗಿರುವ ಶ್ರೀಮಂತ ಮುದುಕ, ಚಾರ್ಲ್ಸ್ ಲಾಟನ್. ಕೊನೇ ಆಸೆ, ಮಗ ಮದುವೆಯಾಗುವ ಹುಡುಗಿಯನ್ನು ನೋಡಬೇಕು. ಆ ಹುಡುಗಿ ಆ ಹೊತ್ತಿಗೆ ಸಿಗುವುದಿಲ್ಲ. ಹೋಟೆಲಿನಲ್ಲಿ ಗಿರಾಕಿಗಳ ಟೋಪಿ, ಕೋಟು ಇಟ್ಟುಕೊಳ್ಳುವ ಕೆಲಸದ ಡರ್ಬಿನ್‌ಳನ್ನು ಮಗ ಕರೆತರುತ್ತಾನೆ. ಒಂದು ರಾತ್ರಿಯ ನಾಟಕ ಅಂತ ಲೆಕ್ಕ. ಬೆಳಗ್ಗೆ ಎದ್ದರೆ ಮುದುಕ ಚೇತರಿಸಿಕೊಂಡಿದ್ದಾನೆ! ‘ಎಲ್ಲಿ ನನ್ನ ಸೊಸೆ?’ ಅಂತ ಕೇಳುತ್ತಿದ್ದಾನೆ.

ಲಾಟನ್ ಎಂಥ ನಟ ಅಂತ ಹೇಳಬೇಕಾಗಿಲ್ಲ. ಅವರ ಎದುರು 19 ವರ್ಷದ ಡರ್ಬಿನ್ ಒಂದು ಕಡೆಯೂ ಹಿಂದೆ ಬೀಳುವುದಿಲ್ಲ. ಇಬ್ಬರೂ ಕ್ಲಬ್ಬಿಗೆ ಹೋಗಿ ಕೊಂಗಾ ಕುಣಿಯುವ ಭಾಗ ಇದೆ. ಅವರಿಬ್ಬರಿಗೂ ಒಬ್ಬರ ಜೊತೆ ಒಬ್ಬರು ಇರುವುದು ಎಷ್ಟು ಖುಷಿ ಅಂತ ಪರದೆ ಮೇಲೇ ಕಾಣುತ್ತದೆ. ಪ್ರೇಮಕಥೆ ಮಗನ ಜೊತೆ ಇರಬಹುದು, ಚಿತ್ರದ ಜೀವ ಮುದುಕ ಮತ್ತು ಹುಡುಗಿಯ ಸ್ನೇಹದಲ್ಲಿದೆ. ಮನೆಮಂದಿಯೆಲ್ಲ ಕೂತು ನೋಡಬಹುದು. @ಕೃಷ್ಣಾತೀರ, ಯಾರೂ ಎದ್ದು ಹೋಗುವುದಿಲ್ಲ, ನೋಡಿ.

ಕಪ್ಪುಬಿಳುಪು:
@ತುಂಗಾಮಡಿಲು, ಆ ತಾಯಿಯ ವಿಷಯವನ್ನು ಮುಚ್ಚಿಟ್ಟದ್ದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಸೊಸೆಯ ಕಣ್ಣಿಗೆ ಎಷ್ಟು ಕಾಣುತ್ತದೋ ಅಷ್ಟೇ ನಮಗೂ ಕಾಣಬೇಕು. ಆ ಮನೆಯಲ್ಲಿ ಏನೋ ಸರಿ ಇಲ್ಲ ಅಂತ ಅವಳಿಗೆ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ‘ಈವ್’ ಬಗ್ಗೆ ನಿಮ್ಮ ಪ್ರತಿ ಮಾತಿಗೂ ನನ್ನ ಸಹಿ.

ಕಾಲುವೆದಂಡೆ:
ನಾನು ಇರುವುದು ನೆದರ್‌ಲೆಂಡ್ಸ್‌ನಲ್ಲಿ. ಊರಿನಿಂದ ಯಾರೇ ಬಂದರೂ ಆಮ್‌ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಮನೆಗೆ ಕರೆದುಕೊಂಡು ಹೋಗುತ್ತೇನೆ. ನಾಜಿಗಳಿಂದ ಅಡಗಿಕೊಂಡು ದಿನಚರಿ ಬರೆದ ಯಹೂದಿ ಹುಡುಗಿ ಆನ್. 1942ರ ಜುಲೈಯಲ್ಲಿ ಆ ಕುಟುಂಬ ಅಡಗಿಕೊಂಡ ಹಿಂಭಾಗದ ಮನೆಯಲ್ಲಿ ಆನ್ ಇದ್ದ ಕೋಣೆಯ ಗೋಡೆ ಹಾಗೇ ಉಳಿದಿದೆ. ಆಕೆ ಅಂಟಿಸಿದ ಚಿತ್ರಗಳೂ ಉಳಿದಿವೆ, ಮುಂದೆ ಪಾರದರ್ಶಕ ಹಲಗೆ ಹಾಕಿ ಕಾಪಾಡಿದ್ದಾರೆ. ನಟಿ ಗ್ರೆಟಾ ಗಾರ್ಬೊ ಇದ್ದಾರೆ, ಇಂಗ್ಲೆಂಡಿನ ರಾಜಕುಮಾರಿಯರು ಇದ್ದಾರೆ. ಡಿಯಾನಾ ಡರ್ಬಿನ್ ಕೂಡ ಇದ್ದಾರೆ. ಪತ್ರಿಕೆಯಿಂದ ಕತ್ತರಿಸಿದ ಕಾಗದ, ಬಣ್ಣ ಹಳದಿಯಾಗಿದೆ. ಜನ ಸಾಲಾಗಿ ಹೋಗುತ್ತಿರುತ್ತಾರೆ, ಹೆಚ್ಚಿನವರಿಗೆ ಆ ಮುಖ ಯಾರದು ಅಂತ ಗೊತ್ತಿರುವುದಿಲ್ಲ.

‘ಆ ಕಾಲದ ಜನಕ್ಕೆ ಯಾಕೆ ಅಷ್ಟು ಇಷ್ಟವಾಯಿತು’ ಅಂತ ಮೇಲೆ ಒಬ್ಬರು ಕೇಳಿದ್ದರು. ಹೊರಗೆ ಕಾಲಿಡಲಾಗದ 13 ವರ್ಷದ ಹುಡುಗಿ ತನ್ನ ಗೋಡೆಗೆ ಈ ಮುಖ ಆರಿಸಿಕೊಂಡಿದ್ದಳು. ನನಗೆ ಆಮೇಲೆ ಆ ಚಿತ್ರಗಳ ಓಡಾಟ, ಪಟಪಟ ಮಾತು, ಸೈಕಲ್ ಸವಾರಿ ಎಲ್ಲಾ ಬೇರೆಯೇ ಆಗಿ ಕಂಡವು.

ಹಳೇಗ್ರಾಮಫೋನ್:
@ಕಾಲುವೆದಂಡೆ, ಓದಿ ಮನಸ್ಸು ಭಾರವಾಯಿತು. ಬರೆದದ್ದಕ್ಕೆ ಧನ್ಯವಾದ.

ಅಭಿಮಾನಿಗಳ ಮಾತು ಬಂದ ಮೇಲೆ ನಮ್ಮ ದೇಶದ ಒಬ್ಬರನ್ನು ಹೇಳಲೇಬೇಕು. ಸತ್ಯಜಿತ್ ರಾಯ್. ಡರ್ಬಿನ್ ಹುಟ್ಟಿದ ವರ್ಷದಲ್ಲೇ, 1921ರಲ್ಲಿ ಹುಟ್ಟಿದವರು. 1992ರಲ್ಲಿ ಆಸ್ಕರ್ ಗೌರವ ಕೊಟ್ಟಾಗ ಅವರು ಕಲ್ಕತ್ತದ ಆಸ್ಪತ್ರೆಯಲ್ಲಿದ್ದರು. ಹಾಸಿಗೆಯಲ್ಲಿದ್ದುಕೊಂಡೇ ಮಾತಾಡಿದ್ದನ್ನು ಚಿತ್ರೀಕರಿಸಿ ಸಮಾರಂಭದಲ್ಲಿ ತೋರಿಸಿದರು. ಅಲ್ಲಿ ನೆನಪಿಸಿಕೊಂಡದ್ದು ಇದನ್ನೇ. ಶಾಲೆಯಲ್ಲಿದ್ದಾಗ ಡಿಯಾನಾ ಡರ್ಬಿನ್‌ಗೆ ಪತ್ರ ಬರೆದೆ, ಉತ್ತರ ಬಂತು, ತುಂಬಾ ಖುಷಿಯಾಯಿತು. ನಟಿ ಜಿಂಜರ್ ರೋಜರ್ಸ್‌ಗೆ ಬರೆದೆ, ಉತ್ತರ ಬರಲಿಲ್ಲ. ನಿರ್ದೇಶಕ ಬಿಲ್ಲಿ ವೈಲ್ಡರ್‌ಗೆ ಹನ್ನೆರಡು ಪುಟ ಬರೆದೆ, ಅವರೂ ಉತ್ತರ ಕೊಡಲಿಲ್ಲ.

ಸಾವಿನ ಹತ್ತಿರ ಇದ್ದ ಆ ದೊಡ್ಡ ನಿರ್ದೇಶಕರಿಗೆ, ಅಷ್ಟು ದೊಡ್ಡ ಸಭೆಯ ಮುಂದೆ, ಮೊದಲು ನೆನಪಾದ ಹೆಸರು ಡರ್ಬಿನ್. ನನಗೆ ಇದು ಯಾವ ಪ್ರಶಸ್ತಿಗಿಂತ ದೊಡ್ಡದು.

ಕೃಷ್ಣಾತೀರ:
ಈ ಎರಡೂ ವಿಷಯ ನನಗೆ ಗೊತ್ತಿರಲಿಲ್ಲ. ‘ಈವ್’ ಮತ್ತು ‘ಮ್ಯಾಡ್ ಅಬೌಟ್ ಮ್ಯೂಸಿಕ್’ ನೋಡಿ ಬರುತ್ತೇನೆ.

ಒಂದು ಪ್ರಶ್ನೆ ಇದೆ. ದಿವಾಳಿಯಾಗುತ್ತಿದ್ದ ಯೂನಿವರ್ಸಲ್ ಕಂಪನಿಯನ್ನು ಈ ಹುಡುಗಿ ಒಬ್ಬಳೇ ಉಳಿಸಿದಳು ಅಂತ ಎಲ್ಲೆಡೆ ಬರೆದಿರುತ್ತದೆ. ಅದು ನಿಜಾನಾ?

ಹಳೇಗ್ರಾಮಫೋನ್:
ಅರ್ಧ ನಿಜ. 1936ರಲ್ಲಿ ಯೂನಿವರ್ಸಲ್ ಸ್ಥಿತಿ ಕೆಟ್ಟಿತ್ತು. ಕಂಪನಿ ಕಟ್ಟಿದ ಕಾರ್ಲ್ ಲೆಮ್ಲಿ ಸಾಲ ತೀರಿಸಲಾಗದೆ ಸ್ಟುಡಿಯೋ ಬಿಟ್ಟುಕೊಡಬೇಕಾಯಿತು. ಹೊಸ ಆಡಳಿತ ಬಂದ ಆ ವರ್ಷವೇ ‘ತ್ರೀ ಸ್ಮಾರ್ಟ್ ಗರ್ಲ್ಸ್’ ಬಂತು, ಚೆನ್ನಾಗಿ ಓಡಿತು. ಮುಂದಿನವೂ ಒಂದರ ಹಿಂದೆ ಒಂದು ಓಡಿದವು. ಎಡ್ಡಿ ಕ್ಯಾಂಟರ್ ಅವರ ರೇಡಿಯೋ ಕಾರ್ಯಕ್ರಮದಲ್ಲಿ ಹಾಡುತ್ತಿದ್ದರಿಂದ ಆಕೆಯ ಧ್ವನಿ ಆಗಲೇ ಮನೆಮನೆಗೆ ಗೊತ್ತಿತ್ತು. ಆದರೆ ಒಂದು ದೊಡ್ಡ ಸ್ಟುಡಿಯೋ ಒಬ್ಬರಿಂದ ಉಳಿಯುವುದಿಲ್ಲ. ಕಡಿಮೆ ಖರ್ಚಿನ ಚಿತ್ರಗಳು, ಭಯಾನಕ ಚಿತ್ರಗಳ ಮರುಬಿಡುಗಡೆ, ಎಲ್ಲವೂ ಸೇರಿ ದುಡ್ಡು ಬಂತು. ಡರ್ಬಿನ್ ಅವರಿಂದ ದುಡ್ಡಿನ ಜೊತೆಗೆ ಒಂದು ಮರ್ಯಾದೆಯೂ ಬಂತು. ಮೊದಲ ಎರಡು ಚಿತ್ರಗಳೂ ಅತ್ಯುತ್ತಮ ಚಿತ್ರದ ಆಸ್ಕರ್ ಪಟ್ಟಿಗೆ ಹೋದವು.

ಮಲ್ಲಿಗೆಹಂಬು:
ಈಗ ನನ್ನ ಮನಸ್ಸಿನಲ್ಲಿರುವುದನ್ನು ಕೇಳುತ್ತೇನೆ. 1948ರಲ್ಲಿ ‘ಫಾರ್ ದ ಲವ್ ಆಫ್ ಮೇರಿ’ ಆದ ಮೇಲೆ ಆಕೆ ಮತ್ತೆ ನಟಿಸಲಿಲ್ಲ. ಆಗ ವಯಸ್ಸು 26. ಹಾಡುವುದನ್ನೂ ಸಾರ್ವಜನಿಕವಾಗಿ ನಿಲ್ಲಿಸಿದರು. 1950ರಲ್ಲಿ ನಿರ್ದೇಶಕ ಚಾರ್ಲ್ಸ್ ಡೇವಿಡ್ ಅವರನ್ನು ಮದುವೆಯಾಗಿ ಪ್ಯಾರಿಸ್ ಹತ್ತಿರದ ಒಂದು ಹಳ್ಳಿಯಲ್ಲಿ ನೆಲೆಸಿದರು. 2013ರ ಏಪ್ರಿಲ್‌ನಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ತೆರೆಯಿಂದ ದೂರ. ಆ ಕೊನೆಯ ಚಿತ್ರಗಳನ್ನು ನೋಡುವಾಗ ನನಗೆ ಸಂಕಟವಾಗುತ್ತದೆ. ಧ್ವನಿ ಮೊದಲಿಗಿಂತ ತುಂಬಿಕೊಂಡಿದೆ, ಆದರೆ ಕಥೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಹಾಡು ತಂದು ಸಿಕ್ಕಿಸಿದ ಹಾಗೆ ಇದೆ. ನಿಮಗೇನನ್ನಿಸುತ್ತದೆ?

ಕಪ್ಪುಬಿಳುಪು:
ಪಾಸ್ಟರ್ನಾಕ್ 1941ರಲ್ಲಿ ಎಂಜಿಎಂಗೆ ಹೋದರು. ಕೋಸ್ಟರ್ ಕೂಡ ಆಕೆಯ ಚಿತ್ರಗಳಿಂದ ದೂರವಾದರು. ಅದೇ ವರ್ಷ ಡರ್ಬಿನ್ ಒಂದು ಚಿತ್ರ ಮಾಡುವುದಿಲ್ಲ ಅಂದಾಗ ಸ್ಟುಡಿಯೋ ಆಕೆಯನ್ನು ಅಮಾನತು ಮಾಡಿತು. ಆಕೆ ಬಗ್ಗಲಿಲ್ಲ. ಕೊನೆಗೆ ಕಥೆ, ನಿರ್ದೇಶಕ, ಹಾಡು, ಮೂರರಲ್ಲೂ ತನ್ನ ಒಪ್ಪಿಗೆ ಬೇಕು ಅನ್ನುವ ಹಕ್ಕು ಪಡೆದುಕೊಂಡೇ ವಾಪಸ್ ಬಂದರು. ಆಗ ಇಪ್ಪತ್ತರ ಹುಡುಗಿ! ‘ಕ್ರಿಸ್‌ಮಸ್ ಹಾಲಿಡೇ’ ಆದದ್ದು ಆ ಹಟದಿಂದ.

1946ರಲ್ಲಿ ಯೂನಿವರ್ಸಲ್ ಇನ್ನೊಂದು ಕಂಪನಿಯ ಜೊತೆ ಸೇರಿತು, ಆಡಳಿತ ಬದಲಾಯಿತು. ಆಮೇಲೆ ಮತ್ತೆ ಹಳೇ ಅಚ್ಚಿಗೇ ತಂದು ಹಾಕಿದರು. ಅದನ್ನು ಒಪ್ಪಿಕೊಂಡು ಇರುವ ಬದಲು ಆಕೆ ಎದ್ದು ಹೋದರು. ನನ್ನ ಸಂಕಟ ಆ ಸ್ಟುಡಿಯೋ ಬಗ್ಗೆ. ಆಕೆಯ ತೀರ್ಮಾನದ ಬಗ್ಗೆ ನನಗೆ ಗೌರವ ಇದೆ.

ಶ್ರುತಿಪೆಟ್ಟಿಗೆ:
ನನಗೆ ಇಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿ ಅಮ್ಮ ನೆನಪಾಗುತ್ತಾರೆ. ಹೆಚ್ಚುಕಮ್ಮಿ ಅದೇ ವರ್ಷಗಳು. 1938ರಲ್ಲಿ ‘ಸೇವಾಸದನಂ’, 1945ರಲ್ಲಿ ತಮಿಳು ‘ಮೀರಾ’, 1947ರಲ್ಲಿ ಅದರ ಹಿಂದಿ. ‘ಮೀರಾ’ ನಿರ್ದೇಶಿಸಿದ ಎಲಿಸ್ ಆರ್. ಡಂಗನ್ ಅಮೆರಿಕದವರು. ಎಂ. ಎಸ್. ಕೂಡ ಅದಾದ ಮೇಲೆ ನಟಿಸಲಿಲ್ಲ. ಆದರೆ ಅವರಿಗೆ ಹೋಗೋದಕ್ಕೆ ಕಛೇರಿಯ ವೇದಿಕೆ ಇತ್ತು, ಮುಂದೆ ದಶಕಗಟ್ಟಲೆ ಹಾಡಿದರು. ಡರ್ಬಿನ್ ವೇದಿಕೆಗೂ ಹೋಗಲಿಲ್ಲ. ನನಗೆ ನೋವಾಗುವುದು ಅಲ್ಲಿ. ಮೂವತ್ತು ದಾಟಿದ ಮೇಲೆ ಆ ಧ್ವನಿ ಹೇಗೆ ಪಕ್ವವಾಗುತ್ತಿತ್ತು? 1943ರ ‘ಹಿಸ್ ಬಟ್ಲರ್ಸ್ ಸಿಸ್ಟರ್’ನಲ್ಲಿ ಒಪೆರಾ ರಚನಕಾರ ಪುಚ್ಚೀನಿಯ ‘ನೆಸ್ಸುನ್ ದೊರ್ಮಾ’ ಹಾಡಿದ್ದಾರೆ. ಗಂಡಸರ ಧ್ವನಿಗೆ ಬರೆದದ್ದು. ಆಗ 21 ವರ್ಷ. ಅದನ್ನು ಕೇಳಿದಾಗೆಲ್ಲ ಮುಂದೆ ಇನ್ನೇನೇನು ಹಾಡಬಹುದಿತ್ತು ಅನ್ನಿಸುತ್ತದೆ.

ತುಂಗಾಮಡಿಲು:
ಚಿಕ್ಕಂದಿನಿಂದ ದುಡಿದವರು, ತಮಗೆ ಬೇಕಾದ ಬದುಕು ಬದುಕಿದರು. ಆಕೆ ನಮಗೆ ಏನೂ ಬಾಕಿ ಉಳಿಸಿಕೊಂಡಿಲ್ಲ, ಅಲ್ವಾ? ಇರುವ ಚಿತ್ರಗಳನ್ನೇ ಇನ್ನೂ ಪೂರ್ತಿ ನೋಡಿಲ್ಲ ನಾವು.

ಹೊಸಬರಿಗೆ ಕೆಲವು ಮಾತು. ಒಂದು ದಿನಕ್ಕೆ ಒಂದೇ ಚಿತ್ರ ನೋಡಿ, ಸಾಲಾಗಿ ನೋಡಿದರೆ ಅಚ್ಚು ಎದ್ದು ಕಾಣುತ್ತದೆ. ಸಂಭಾಷಣೆ ಬಹಳ ವೇಗ, ಇಂಗ್ಲಿಷ್ ಅಡಿಬರಹ ಹಾಕಿಕೊಳ್ಳಿ. ಬಣ್ಣದ ಚಿತ್ರ ಬೇಕಾದರೆ ಇರುವುದು ಒಂದೇ, 1944ರ ‘ಕಾಂಟ್ ಹೆಲ್ಪ್ ಸಿಂಗಿಂಗ್’. ಜೆರೋಮ್ ಕರ್ನ್ ಸಂಗೀತ, ಕಥೆ ತೆಳು, ಬಯಲು ಸೀಮೆಯ ಬಣ್ಣಗಳು ಕಣ್ಣಿಗೆ ಹಬ್ಬ. ಇನ್ನೊಂದು ಎಚ್ಚರಿಕೆ. ಮನೆಗೆಲಸದ ಕಪ್ಪು ಜನರನ್ನು, ಏಷ್ಯಾದವರನ್ನು ಆ ಕಾಲದ ಹಾಲಿವುಡ್ ಹೇಗೆ ತೋರಿಸುತ್ತಿತ್ತೋ ಈ ಚಿತ್ರಗಳಲ್ಲೂ ಹಾಗೇ ಇದೆ. ಮಕ್ಕಳ ಜೊತೆ ನೋಡುವವರು ಅದನ್ನು ಅವರಿಗೆ ವಿವರಿಸಿ ಹೇಳಿ.

ಕೃಷ್ಣಾತೀರ:
‘ಈವ್’ ನೋಡಿದೆ. ಯಾರೂ ಎದ್ದು ಹೋಗಲಿಲ್ಲ. ಅಮ್ಮ ಕೊಂಗಾ ಭಾಗವನ್ನು ಇನ್ನೊಂದು ಸಲ ಹಾಕಿಸಿಕೊಂಡು ನೋಡಿದರು. ಮುಂದೆ ಯಾವುದು ಹಾಕಲಿ?

ಮಲ್ಲಿಗೆಹಂಬು:
1945ರ ‘ಲೇಡಿ ಆನ್ ಎ ಟ್ರೇನ್’ ಹಾಕಿ. ರೈಲಿನ ಕಿಟಕಿಯಿಂದ ಒಂದು ಕೊಲೆ ಕಾಣುತ್ತದೆ, ಪೊಲೀಸರು ನಂಬುವುದಿಲ್ಲ, ಆಕೆಯೇ ಹುಡುಕಿಕೊಂಡು ಹೊರಡುತ್ತಾಳೆ. ಮುಂದೆ ಗಂಡನಾದ ಚಾರ್ಲ್ಸ್ ಡೇವಿಡ್ ನಿರ್ದೇಶನ. ಅರ್ಧ ನಗು, ಅರ್ಧ ಭಯ, ಅಮ್ಮನಿಗೂ ಹಿಡಿಸುತ್ತದೆ. ಕ್ರಿಸ್‌ಮಸ್ ಹೊತ್ತು. ದೂರದ ಊರಿನ ಅಪ್ಪನಿಗೆ ಫೋನಿನಲ್ಲೇ ‘ಸೈಲೆಂಟ್ ನೈಟ್’ ಹಾಡುತ್ತಾಳೆ. ಕೇಳುವವನು ಅಪ್ಪ ಒಬ್ಬನೇ ಅಲ್ಲ, ಅದೇ ಕೋಣೆಯಲ್ಲಿ ಇನ್ನೊಬ್ಬ ಇದ್ದಾನೆ. ಅವನು ಯಾರು, ಯಾಕೆ ಬಂದಿದ್ದಾನೆ ಅಂತ ಹೇಳುವುದಿಲ್ಲ. ನೋಡಿ ಬಂದು ಬರೆಯಿರಿ.